ವಿನೋದ, ಕಾಯಕ, ವ್ಯಾಯಾಮ: ದೇಹಶ್ರಮದ ಅಳತೆ ಮತ್ತು ಅದರ ಭಾಷೆ

ದೇಹವನ್ನು ದಣಿಸುವ ಕ್ರಿಯೆಗೆ ಕನ್ನಡದಲ್ಲಿರುವ ಪದಗಳನ್ನು ಒಂದೆಡೆ ಸೇರಿಸಿ ನೋಡಿದರೆ ಅವು ಎರಡು ಕುಲಗಳಾಗಿ ಒಡೆಯುತ್ತವೆ. ಸಾಮು, ಗರಡಿ, ತಾಲೀಮು, ಕಸರತ್ತು, ವ್ಯಾಯಾಮ, ಅಂಗಸಾಧನೆ ಎಂಬವು ಒಂದು ಕುಲ. ದುಡಿಮೆ, ಗೆಯ್ಮೆ, ಕೂಲಿ, ಕಾಯಕ ಎಂಬವು ಇನ್ನೊಂದು. ಮೊದಲನೆಯದರಲ್ಲಿ ಮನುಷ್ಯ ಬಲಕ್ಕಾಗಿ ದಣಿಯುತ್ತಾನೆ. ಎರಡನೆಯದರಲ್ಲಿ ಅನ್ನಕ್ಕಾಗಿ ದಣಿಯುತ್ತಾನೆ. ತಾಂಡೂರು, ಯಾಲಾಲ್, ನಾರಾಯಣಖೇಡ, ಜಹೀರಾಬಾದುಗಳ ಕಡೆಯ ವಿದ್ಯಾರ್ಥಿಗಳಿಗೆ ಮೊದಲ ಕುಲದ ಪದಗಳ ಊರು ಕೇರಿ ಹೇಳಬೇಕಾಗಿಲ್ಲ. ಸಾಮು ತೆಲುಗಿನಲ್ಲಿಯೂ ಸಾಮುವೇ. ನಮ್ಮ ಗರಡಿ ಅಲ್ಲಿ ಗರಿಡಿ. ತಾಲೀಮು ಅರಬ್ಬಿಯಿಂದ ಉರ್ದುವಿನ ಮೂಲಕ ಬಂದುದು, ಮೂಲಾರ್ಥ ಕಲಿಸುವಿಕೆ. ಕಸರತ್ತಿನ ಮೂಲಾರ್ಥ ಹೆಚ್ಚಳ, ಅಂದರೆ ಮತ್ತೆ ಮತ್ತೆ ಮಾಡುವುದು. ಇಂದು ಆ ಪದ ಗರಡಿಯನ್ನು ಬಿಟ್ಟು ರಾಜಕೀಯ ವರದಿಗಳಲ್ಲಿ ನೆಲೆಸಿರುವುದು ಬೇರೆ ಮಾತು.

ವ್ಯಾಯಾಮ, ದೇಹಸಾಮರ್ಥ್ಯ, ಆರೋಗ್ಯ ಇವುಗಳನ್ನು ಬೇರೆ ಬೇರೆ ಜನಸಮುದಾಯಗಳಲ್ಲಿ ಅಳೆದು ಹೋಲಿಸುವ ಸಂಶೋಧನೆ ಕಳೆದ ಎಪ್ಪತ್ತು ವರ್ಷಗಳಲ್ಲಿ ದೊಡ್ಡದಾಗಿ ಬೆಳೆದಿದೆ. ಅದು ಕನ್ನಡ ಐಚ್ಛಿಕ ತರಗತಿಯ ವಿಷಯವೇ ಎಂದು ಕೇಳಬಹುದು. ಈ ಸಂಶೋಧನೆಯ ಬಹುಭಾಗ ನಡೆಯುವುದು ಪ್ರಶ್ನೆಗಳ ಮೂಲಕ. ಪ್ರಶ್ನೆಗಳು ನಡೆಯುವುದು ಪದಗಳ ಮೂಲಕ. ಮೇಲೆ ಹೇಳಿದ ಎರಡು ಕುಲಗಳಲ್ಲಿ ಯಾವುದನ್ನು ಪ್ರಶ್ನೆ ಆರಿಸಿಕೊಳ್ಳುತ್ತದೆ ಎಂಬುದರ ಮೇಲೆ ಉತ್ತರ ನಿಂತಿರುತ್ತದೆ. ಆದುದರಿಂದ ಇದು ನಮ್ಮ ವಿಷಯವೂ ಹೌದು.

ಈ ಎರಡು ಕುಲಗಳು ಎದುರುಬದುರಾಗಿ ನಿಂತ ಒಂದು ಊರು ನಮ್ಮ ಹತ್ತಿರದಲ್ಲಿಯೇ ಇದೆ. ಜಹೀರಾಬಾದಿನಿಂದ ಪಡುವಣಕ್ಕೆ ಹೋದರೆ ಸಿಗುವ ಇಂದಿನ ಬಸವಕಲ್ಯಾಣ ಕಲ್ಯಾಣ ಚಾಲುಕ್ಯರ ರಾಜಧಾನಿ. ಅಲ್ಲಿ ಆಳಿದ ಮೂರನೆಯ ಸೋಮೇಶ್ವರ (1126–1138) ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ಬರೆದನು. ಐದು ವಿಂಶತಿಗಳು, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯಗಳು, ಒಟ್ಟು ನೂರು. ಅದರಲ್ಲಿ ಮಲ್ಲವಿನೋದವೂ ಒಂದು. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳ ಮೇಲೆ ವರ್ಗಗಳಾಗಿ ವಿಂಗಡಿಸಬೇಕು. ಅವರಿಗೆ ಇಂತಿಂತಹ ಪುಷ್ಟಿಕರ ಆಹಾರ ಕೊಡಬೇಕು. ಇಂತಿಂತಹ ಶ್ರಮಗಳನ್ನು ಮಾಡಿಸಬೇಕು ಎಂದು ಅರಸ ವಿವರಿಸುತ್ತಾನೆ. ಭಾರ ಎತ್ತುವುದು ಭಾರಶ್ರಮ, ನಡೆಯುವುದು ಭ್ರಮಣಶ್ರಮ, ಈಜುವುದು ಸಲಿಲಶ್ರಮ, ಕಂಬದ ಮೇಲಿನ ಸಾಧನೆ ಸ್ತಂಭಶ್ರಮ. ಇಲ್ಲಿ ಶ್ರಮ ಎಂಬ ಪದಕ್ಕೆ ದಣಿವು ಎಂಬ ಅರ್ಥ ಹಿಂದೆ ಸರಿದು, ಅಭ್ಯಾಸ ಎಂಬ ಅರ್ಥ ಮುಂದೆ ಬಂದಿರುವುದನ್ನು ಗಮನಿಸಬೇಕು. ಇಡೀ ಅಧ್ಯಾಯದ ಹೆಸರಿನಲ್ಲಿರುವುದು ವಿನೋದ. ಮಲ್ಲನ ಮೈ ನೋಡುವವನ ಸಂತೋಷಕ್ಕಾಗಿ ಸಿದ್ಧವಾದ ಮೈ.

ಅದೇ ಕಲ್ಯಾಣದಲ್ಲಿ, ಒಂದು ತಲೆಮಾರು ಕಳೆಯುವಷ್ಟರಲ್ಲಿ, ಶರಣರು ದೇಹಶ್ರಮಕ್ಕೆ ಇನ್ನೊಂದು ಹೆಸರನ್ನು ನಿಲ್ಲಿಸಿದರು. ಕಾಯದಿಂದ ಬಂದುದು ಕಾಯಕ. ಮೋಳಿಗೆಯ ಮಾರಯ್ಯ ಸೌದೆಯ ಹೊರೆ ಹೊತ್ತವನು. ನುಲಿಯ ಚಂದಯ್ಯ ಹುಲ್ಲು ಕೊಯ್ದು ಹಗ್ಗ ಹೊಸೆದವನು. ಆಯ್ದಕ್ಕಿ ಮಾರಯ್ಯ ಲಕ್ಕಮ್ಮರು ಬಗ್ಗಿ ನೆಲದ ಅಕ್ಕಿಯನ್ನು ಆಯ್ದವರು. ಸೌದೆಯ ಹೊರೆಗೂ ಮಲ್ಲನ ಭಾರಕ್ಕೂ ತಕ್ಕಡಿಯಲ್ಲಿ ವ್ಯತ್ಯಾಸವಿರಲಾರದು. ಆದರೆ ಮಲ್ಲನಿಗೆ ಭಾರ ಇಳಿಸಿದ ಮೇಲೆ ಹಾಲು, ಮಾಂಸ, ವಿಶ್ರಾಂತಿಗಳ ಏರ್ಪಾಡು ಇತ್ತು. ಹೊರೆ ಹೊರುವವನಿಗೆ ಭಾರ ಇಳಿಸಿದ ಮೇಲೆ ಅದನ್ನು ಮಾರುವ ಕೆಲಸ ಇತ್ತು. ಈ ವ್ಯತ್ಯಾಸ ಆರೋಗ್ಯದಲ್ಲಿ ಲೆಕ್ಕಕ್ಕೆ ಬರುತ್ತದೆಯೇ ಎಂಬ ಪ್ರಶ್ನೆಯನ್ನು ಸದ್ಯಕ್ಕೆ ಮನಸ್ಸಿನಲ್ಲಿ ಇಟ್ಟುಕೊಳ್ಳೋಣ.

ಆಧುನಿಕ ಅಧ್ಯಯನ ಮೊದಲಾದುದು ದುಡಿಮೆಯಿಂದಲೇ. ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ಚಾಲಕ ದಿನವಿಡೀ ಕುಳಿತಿರುತ್ತಾನೆ, ನಿರ್ವಾಹಕ ದಿನವಿಡೀ ಮೆಟ್ಟಿಲು ಹತ್ತಿ ಇಳಿಯುತ್ತಾನೆ. ಒಂದೇ ಬಸ್ಸು, ಹೆಚ್ಚುಕಡಿಮೆ ಒಂದೇ ವರ್ಗದ ಜನ. ಜೆರ್ರಿ ಮಾರಿಸ್ ಮತ್ತು ಅವನ ಸಂಗಡಿಗರು 1953ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ ನಿರ್ವಾಹಕರಲ್ಲಿ ಹೃದಯದ ರಕ್ತನಾಳಗಳ ಕಾಯಿಲೆ ಕಡಿಮೆ. ಬಂದರೂ ತಡವಾಗಿ, ಸೌಮ್ಯವಾಗಿ ಬರುತ್ತಿತ್ತು. ಮೆಟ್ಟಿಲೇ ಮದ್ದು ಎಂದು ಹೇಳಿ ಅಲ್ಲಿಗೆ ಮುಗಿಸಬಹುದಿತ್ತು. ಮೂರು ವರ್ಷಗಳ ನಂತರ ಅದೇ ತಂಡ ನೌಕರರ ಸಮವಸ್ತ್ರಗಳ ಅಳತೆಯ ದಾಖಲೆಗಳನ್ನು ತೆಗೆದು ನೋಡಿತು. ಚಾಲಕರ ಸೊಂಟದ ಸುತ್ತಳತೆ ಆರಂಭದಿಂದಲೇ ದೊಡ್ಡದಾಗಿತ್ತು. ಅಂದರೆ ಕೆಲಸ ಮೈಯನ್ನು ರೂಪಿಸುವುದಕ್ಕೆ ಮುಂಚೆಯೇ ಮೈ ಕೆಲಸವನ್ನು ಆರಿಸಿಕೊಂಡಿದ್ದಿರಬಹುದು. ತಾನು ಕಟ್ಟಿದ ವಾದಕ್ಕೆ ತಾನೇ ದರ್ಜಿಯ ಪುಸ್ತಕದಿಂದ ಆಕ್ಷೇಪ ಹುಡುಕಿ ತಂದ ಈ ಪ್ರಾಮಾಣಿಕತೆ ನನಗೆ ಮೊದಲ ಶೋಧಕ್ಕಿಂತಲೂ ದೊಡ್ಡದಾಗಿ ಕಾಣುತ್ತದೆ. ಎರಡು ಗುಂಪುಗಳನ್ನು ಹೋಲಿಸುವಾಗ, ಅವು ಹೋಲಿಕೆಗೆ ಮೊದಲು ಸಮಾನವಾಗಿದ್ದವೇ ಎಂದು ಕೇಳಬೇಕಾದ ಪಾಠ ಅಲ್ಲಿದೆ.

ಆ ಪ್ರಶ್ನೆಯನ್ನು ಕೇಳದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದ್ದೇ ಉದಾಹರಣೆಯಿದೆ. ಮನುಷ್ಯ ಏನೂ ಮಾಡದೆ ಮಲಗಿದ್ದಾಗಲೂ ಉಸಿರಾಟ, ಎದೆಬಡಿತ, ಮೈಕಾವುಗಳಿಗಾಗಿ ಶಕ್ತಿ ವ್ಯಯವಾಗುತ್ತದೆ. ಇದೇ ಮೂಲ ಚಯಾಪಚಯ ದರ. ದಿನದ ಒಟ್ಟು ಶಕ್ತಿಯ ಅಗತ್ಯವನ್ನು ಇದರ ಪಟ್ಟಿನಲ್ಲಿ ಎಣಿಸುವುದು ರೂಢಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲಿ 65 ಕಿಲೋ ತೂಕದ ಪುರುಷನಿಗೆ ಕುಳಿತ ಕೆಲಸವಾದರೆ 2110 ಕಿಲೋಕ್ಯಾಲರಿ, ಮಧ್ಯಮ ಶ್ರಮಕ್ಕೆ 2710, ಭಾರಿ ಶ್ರಮಕ್ಕೆ 3470. 55 ಕಿಲೋ ತೂಕದ ಸ್ತ್ರೀಗೆ 1660, 2130, 2720. ಮೂಲ ದರವನ್ನು ಕ್ರಮವಾಗಿ 1.4, 1.8, 2.3ರಿಂದ ಗುಣಿಸಿ ಪಡೆದ ಅಂಕಿಗಳಿವು. ಮೂಲ ದರದಲ್ಲಿ ಹತ್ತರಲ್ಲೊಂದು ಪಾಲು ತಪ್ಪಿದರೆ ಇಡೀ ಲೆಕ್ಕದಲ್ಲಿ ಹತ್ತರಲ್ಲೊಂದು ಪಾಲು ತಪ್ಪುತ್ತದೆ.

1985ರಲ್ಲಿ ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಲೋಕಕ್ಕೆಲ್ಲ ಅನ್ವಯಿಸುವಂತೆ ಮೂಲ ದರದ ಸೂತ್ರಗಳನ್ನು ಒಪ್ಪಿಕೊಂಡವು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪಿ. ಎಸ್. ಶೆಟ್ಟಿ, ಮಾರಿಯೋ ಸೋರೆಸ್ ಮೊದಲಾದವರು ಇಲ್ಲಿಯ ಜನರನ್ನೇ ಅಳೆದು ನೋಡಿದಾಗ, ಸೂತ್ರ ಹೇಳುವುದಕ್ಕಿಂತ ನಿಜವಾದ ದರ ಕಡಿಮೆಯಿತ್ತು. ಭಾರತೀಯರ ಮೈ ಬೇರೆ ಬಗೆಯದೇ? ಬಿಸಿಲ ನಾಡಿನವರ ರಕ್ತ ನಿಧಾನವೇ? ಉತ್ತರ ಎರಡು ಕಡೆಯಿಂದ ಬಂತು. ಸೂತ್ರಕ್ಕೆ ಆಧಾರವಾಗಿದ್ದ 7173 ಅಳತೆಗಳಲ್ಲಿ 3388 ಇಟಲಿಯವರವು ಎಂಬುದು ಮುಂದೆ ಸ್ಪಷ್ಟವಾಯಿತು. ಲೋಕಮಾನವ ಎಂಬವನು ಅರ್ಧದಷ್ಟು ಇಟಲಿಯವನಾಗಿದ್ದನು. ಇನ್ನೊಂದು ಕಡೆ, ಭಾರತ ಮತ್ತು ಆಸ್ಟ್ರೇಲಿಯಾಗಳ ಅಳತೆಗಳನ್ನು ಜೊತೆಗಿಟ್ಟ 1998ರ ಅಧ್ಯಯನ, ಕೊಬ್ಬನ್ನು ಕಳೆದು ಉಳಿದ ದೇಹತೂಕದ ಮೇಲೆ ಲೆಕ್ಕ ಹಾಕಿದರೆ ಜನಾಂಗದ ವ್ಯತ್ಯಾಸ ಉಳಿಯುವುದಿಲ್ಲವೆಂದು ತೋರಿಸಿತು. ಭೇದವಿದ್ದುದು ಕುಲದಲ್ಲಲ್ಲ, ಮೈಮೇಲಿದ್ದ ಮಾಂಸಖಂಡದ ಪ್ರಮಾಣದಲ್ಲಿ. ಮಾಂಸಖಂಡ ಕಡಿಮೆಯೇಕೆ ಎಂದು ಕೇಳಿದರೆ ಪ್ರಶ್ನೆ ಹುಟ್ಟಿನಿಂದ ಅಡುಗೆಮನೆಗೆ ಬರುತ್ತದೆ.

ಇದು ಪ್ರಯೋಗಶಾಲೆಯ ಜಗಳವಾಗಿ ಉಳಿಯಲಿಲ್ಲ. 1979ರ ಯೋಜನಾ ಆಯೋಗದ ಕಾರ್ಯಪಡೆ ಹಳ್ಳಿಗೆ 2400, ಪಟ್ಟಣಕ್ಕೆ 2100 ಕ್ಯಾಲರಿಗಳನ್ನು ಆಧಾರವಾಗಿಟ್ಟುಕೊಂಡು ಬಡತನದ ರೇಖೆಯನ್ನು ಎಳೆದಿತ್ತು. ಆ ಹೊತ್ತಿನಲ್ಲಿ ಸಂಖ್ಯಾಶಾಸ್ತ್ರಜ್ಞ ಪಿ. ವಿ. ಸುಖಾತ್ಮೆ, ದೇಹ ಕಡಿಮೆ ಆಹಾರಕ್ಕೆ ಹೊಂದಿಕೊಳ್ಳಬಲ್ಲುದು, ಆದ್ದರಿಂದ ಹಸಿದವರೆಂದು ಎಣಿಸುತ್ತಿರುವವರ ಸಂಖ್ಯೆ ಹೆಚ್ಚಾಗಿದೆ ಎಂದು ವಾದಿಸಿದರು. ಅಮೆರಿಕದ ಡೇವಿಡ್ ಸೆಕ್ಲರ್ ಅದೇ ಜಾಡಿನಲ್ಲಿ ‘ಚಿಕ್ಕವರು, ಆದರೆ ಆರೋಗ್ಯವಂತರು’ ಎಂಬ ವಾದವನ್ನು ಮುಂದಿಟ್ಟರು. ರಾಷ್ಟ್ರೀಯ ಪೋಷಣಾ ಸಂಸ್ಥೆಯ ನಿರ್ದೇಶಕರಾಗಿದ್ದ ಸಿ. ಗೋಪಾಲನ್ ಇದನ್ನು ಕಟುವಾಗಿ ವಿರೋಧಿಸಿದರು. ಹೈದರಾಬಾದಿನ ಸಂಶೋಧಕರು 1977ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಬಗೆಯ ಕೆಲಸ ಮಾಡುವ ಕಾರ್ಖಾನೆ ಕಾರ್ಮಿಕರಲ್ಲಿ ಹೆಚ್ಚು ತೂಕವುಳ್ಳವರ ಉತ್ಪಾದನೆ ಹೆಚ್ಚಾಗಿದ್ದುದು ಕಂಡಿತ್ತು. ಚಿಕ್ಕ ಮೈ ಬದುಕಿ ಉಳಿಯಬಹುದು. ಆದರೆ ಮೈಯನ್ನೇ ಮಾರಿ ಉಣ್ಣುವವನಿಗೆ ಚಿಕ್ಕ ಮೈ ಎಂದರೆ ಚಿಕ್ಕ ಕೂಲಿ. ಈ ವಾದದಲ್ಲಿ ನನ್ನ ಮನಸ್ಸು ಗೋಪಾಲನ್ನರ ಕಡೆಗಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಹೊಂದಿಕೆ ಎಂಬ ಪದ ಇಲ್ಲಿ ಮಾಡಿದ ಕೆಲಸವನ್ನು ಭಾಷಾ ವಿದ್ಯಾರ್ಥಿಗಳು ನೋಡಬೇಕು. ಹೊಂದಿಕೊಂಡು ಹೋಗು ಎಂದು ಯಾರಿಗೆ ಹೇಳುತ್ತೇವೆ ಎಂಬುದು ನಮಗೆಲ್ಲ ತಿಳಿದದ್ದೇ.

ಇದಕ್ಕೆ ತಿರುವುಮುರುವಾದ ತಪ್ಪೂ ನಡೆದಿದೆ. 1980ರ ದಶಕದ ಉತ್ತರಾರ್ಧದಲ್ಲಿ, ಮಾರ್ಗರೆಟ್ ಆಳ್ವ ಅವರು ಕೇಂದ್ರದಲ್ಲಿ ಕ್ರೀಡಾ ಖಾತೆಯನ್ನು ನೋಡುತ್ತಿದ್ದ ಕಾಲದಲ್ಲಿ, ಭಾರತೀಯ ಕ್ರೀಡಾ ಪ್ರಾಧಿಕಾರ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಉತ್ತರ ಕನ್ನಡದ ಸಿದ್ದಿ ಮಕ್ಕಳನ್ನು ಆಯ್ದು ತರಬೇತಿಗೆ ಕರೆದೊಯ್ದಿತು. ಆಫ್ರಿಕ ಮೂಲದವರಾದ ಸಿದ್ದಿಗಳು ಯಲ್ಲಾಪುರ, ಹಳಿಯಾಳ, ಅಂಕೋಲ, ಮುಂಡಗೋಡಗಳ ಕಾಡಿನ ಅಂಚಿನಲ್ಲಿ ತಲೆಮಾರುಗಳಿಂದ ನೆಲೆಸಿದವರು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮಗಳವರು. ಆಫ್ರಿಕದ ರಕ್ತ ಒಲಿಂಪಿಕ್ ಪದಕ ತಂದೀತು ಎಂಬುದೇ ಯೋಜನೆಯ ಹಿಂದಿದ್ದ ನಂಬಿಕೆ. ಆಫ್ರಿಕ ಒಂದು ಊರಲ್ಲ ಎಂಬುದನ್ನು ಅದು ಮರೆತಿತ್ತು. ದೂರದ ಓಟದಲ್ಲಿ ಹೆಸರಾದ ಕೀನ್ಯಾದ ಕಲೆಂಜಿನರು ಎತ್ತರದ ನಾಡಿನ ಬೇರೆಯೇ ಜನ. ವೇಗದ ಓಟದ ಅನೇಕ ಹೆಸರಾಂತರ ಮೂಲ ಪಡುವಣ ಆಫ್ರಿಕ. 2011ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನಗಳು ಸಿದ್ದಿಗಳ ಹಿರಿಯರನ್ನು ಮೂಡಣ ಆಫ್ರಿಕದ ಬಂಟು ಭಾಷಿಕರ ಜೊತೆಗೂ ಭಾರತೀಯರ ಜೊತೆಗೂ ಜೋಡಿಸಿದುವು. ಇತಿಯೋಪಿಯದ ಶ್ರೇಷ್ಠ ಓಟಗಾರರನ್ನು ಕುರಿತ ಅಧ್ಯಯನದಲ್ಲಿ ಎದ್ದು ಕಂಡದ್ದು, ಅವರಲ್ಲಿ ಬಹುಮಂದಿ ಬಾಲ್ಯದಲ್ಲಿ ಶಾಲೆಗೆ ಬಹುದೂರ ಓಡುತ್ತಲೇ ಹೋಗುತ್ತಿದ್ದರು ಎಂಬ ಸಂಗತಿ.

ಸಿದ್ದಿ ಮಕ್ಕಳು ಗೆಲ್ಲಲಿಲ್ಲವೆಂದಲ್ಲ. ಕಮಲಾ ಸಿದ್ದಿ ಅವರಂತಹವರು ರಾಷ್ಟ್ರಮಟ್ಟದಲ್ಲಿ ಪದಕ ಪಡೆದರು. ಆದರೆ 1993ರ ಸುಮಾರಿಗೆ ಯೋಜನೆಯನ್ನು ನಿಲ್ಲಿಸಲಾಯಿತು. ಮಕ್ಕಳು ಊರಿಗೆ ಮರಳಿದರು. ಅವರ ಸಮುದಾಯ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು ಮತ್ತೆ ಹತ್ತು ವರ್ಷಗಳ ಮೇಲೆ, 2003ರಲ್ಲಿ. ಹುಟ್ಟಿನಿಂದಲೇ ಬಲ ಬಂದಿದೆ ಎಂದು ನಂಬಿದವರಿಗೆ ಆ ಬಲಕ್ಕೆ ಅನ್ನ, ಶಾಲೆ, ದೀರ್ಘಕಾಲದ ಆಸರೆ ಬೇಕೆಂಬುದು ಹೊಳೆಯಲಾರದು. ಹೊಗಳಿಕೆಯ ರೂಪದಲ್ಲಿ ಬಂದರೂ ಅದು ಜಾತಿಯ ತರ್ಕವೇ.

2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಗದ್ದೆಯನ್ನು 13.62 ಸೆಕೆಂಡಿನಲ್ಲಿ ಓಡಿದಾಗ ನಡೆದ ಗದ್ದಲವೂ ಇದೇ ಬಗೆಯದು. ನೂರು ಮೀಟರಿಗೆ ಭಾಗಿಸಿ, ಉಸೇನ್ ಬೋಲ್ಟನ ದಾಖಲೆಯ ಪಕ್ಕದಲ್ಲಿಟ್ಟು, ದೇಶವೇ ಕುಣಿಯಿತು. ಮುಂದೆ ಎರಡು ಕೋಣಗಳು ಎಳೆಯುತ್ತಿದ್ದುದನ್ನು ಲೆಕ್ಕದಿಂದ ಬಿಟ್ಟಿದ್ದರು. ಕ್ರೀಡಾ ಪ್ರಾಧಿಕಾರದ ಆಹ್ವಾನ ಬಂದಾಗ, ಟ್ರ್ಯಾಕಿನ ಓಟ ಬೇರೆ, ಕಂಬಳದ ಓಟ ಬೇರೆ ಎಂದು ಅರಿತಿದ್ದ ಆತ ಒಪ್ಪಿಕೊಳ್ಳಲಿಲ್ಲ. ಇಡೀ ಪ್ರಸಂಗದಲ್ಲಿ ಹೋಲಿಕೆಯ ನಿಯಮ ತಿಳಿದಿದ್ದವನು ಓಡಿದವನೊಬ್ಬನೇ.

ಈಗ ಯಾಲಾಲಿಗೆ ಬರೋಣ. ದೇಹಚಟುವಟಿಕೆಯನ್ನು ಅಳೆಯಲು ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ 16 ಪ್ರಶ್ನೆಗಳ ಒಂದು ಪ್ರಶ್ನಾವಳಿ ಲೋಕದಲ್ಲೆಲ್ಲ ಬಳಕೆಯಲ್ಲಿದೆ. ಕೆಲಸ, ಓಡಾಟ, ಬಿಡುವಿನ ಚಟುವಟಿಕೆ ಎಂಬ ಮೂರು ವಿಭಾಗಗಳಲ್ಲಿ, ರೂಢಿಯ ಒಂದು ವಾರದಲ್ಲಿ ಎಷ್ಟು ದಿನ, ದಿನಕ್ಕೆ ಎಷ್ಟು ಹೊತ್ತು ಎಂದು ಅದು ಕೇಳುತ್ತದೆ. ಸುಮ್ಮನೆ ಕುಳಿತಾಗಿನ ವ್ಯಯವನ್ನು ಒಂದು ಮೆಟ್ ಎಂದು ಹಿಡಿದು, ಮಧ್ಯಮ ಶ್ರಮಕ್ಕೆ ನಾಲ್ಕು, ತೀವ್ರ ಶ್ರಮಕ್ಕೆ ಎಂಟು ಎಂದು ಎಣಿಸುತ್ತಾರೆ. ವಾರಕ್ಕೆ 150 ನಿಮಿಷಗಳ ಮಧ್ಯಮ ಶ್ರಮ, ಅಂದರೆ 600 ಮೆಟ್-ನಿಮಿಷ, ಕನಿಷ್ಠ ಮಟ್ಟ. ತೊಗರಿ ಕೊಯ್ಯುವ ಹೆಣ್ಣುಮಗಳೊಬ್ಬಳು ದಿನಕ್ಕೆ ಆರು ಗಂಟೆಯಂತೆ ವಾರದಲ್ಲಿ ಆರು ದಿನ ಹೊಲದಲ್ಲಿದ್ದಾಳೆ ಎಂದುಕೊಳ್ಳಿ. ಮಧ್ಯಮ ಶ್ರಮವೆಂದೇ ಹಿಡಿದರೂ 8640 ಮೆಟ್-ನಿಮಿಷ. ಕನಿಷ್ಠಕ್ಕಿಂತ 14 ಪಟ್ಟಿಗೂ ಹೆಚ್ಚು. ಅವಳನ್ನು ‘ಅಕ್ಕಾ, ನೀವು ವ್ಯಾಯಾಮ ಮಾಡ್ತೀರೇನು?’ ಎಂದು ಕೇಳಿದರೆ ಅವಳು ನಕ್ಕು ‘ಇಲ್ರಿ’ ಎನ್ನುತ್ತಾಳೆ. ಹಾಳೆಯ ಮೇಲೆ ಸೊನ್ನೆ ಬೀಳುತ್ತದೆ.

ಇದು ಕೇವಲ ಊಹೆಯ ಆತಂಕವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಭಾಗವಾಗಿ ತಮಿಳುನಾಡು, ಮಹಾರಾಷ್ಟ್ರ, ಜಾರ್ಖಂಡ, ಚಂಡೀಗಢಗಳ 14,227 ಮಂದಿಯನ್ನು ಇದೇ ಪ್ರಶ್ನಾವಳಿಯಿಂದ ಕೇಳಿ 2014ರಲ್ಲಿ ಪ್ರಕಟಿಸಿದ ವರದಿಯಂತೆ 54.4% ಜನ ನಿಷ್ಕ್ರಿಯರು, ಹಳ್ಳಿಗಳಲ್ಲಿಯೂ ಅರ್ಧದಷ್ಟು. ಬಿಡುವಿನ ಚಟುವಟಿಕೆ ಇದ್ದವರು ಹತ್ತರಲ್ಲಿ ಒಬ್ಬರಿಗಿಂತ ಕಡಿಮೆ. ಈ ಅಂಕಿಗಳನ್ನು ಸುಳ್ಳೆನ್ನಲು ನನಗೆ ಆಧಾರವಿಲ್ಲ. ಟ್ರ್ಯಾಕ್ಟರು, ಬೈಕುಗಳು ಹಳ್ಳಿಯ ಮೈಯನ್ನು ಬದಲಿಸಿರುವುದು ಕಣ್ಣಿಗೆ ಕಾಣುತ್ತದೆ. ಆದರೆ ಒಂದೊಂದು ಉತ್ತರದ ಹಿಂದೆ ಒಂದೊಂದು ಅನುವಾದವಿದೆ ಎಂಬುದನ್ನು ನೆನಪಿಡಬೇಕು. ಮೂಲ ಪ್ರಶ್ನಾವಳಿ ಕೆಲಸ ಎಂದರೆ ಕೂಲಿ ಸಿಗುವುದೂ ಸಿಗದಿರುವುದೂ, ಮನೆಗೆಲಸವೂ ಸುಗ್ಗಿಯೂ ಎಂದು ಬಿಡಿಸಿ ಹೇಳುತ್ತದೆ. ‘ಕೆಲಸಕ್ಕೆ ಹೋಗ್ತೀರಿ?’ ಎಂದು ಅದನ್ನು ಚುಟುಕಾಗಿಸಿದ ಕೂಡಲೇ ನೀರು ಹೊರುವುದು, ಸೆಗಣಿ ಬಾಚುವುದು, ರೊಟ್ಟಿ ಬಡಿಯುವುದು ಹೊರಗೆ ಬೀಳುತ್ತವೆ. ಉಸಿರಾಟವನ್ನು ಬಹಳ ಹೆಚ್ಚಿಸುವ ಶ್ರಮ ಎಂಬುದಕ್ಕೆ ನಮ್ಮ ಕಡೆ ಥಟ್ಟನೆ ಬರುವ ಮಾತು ‘ದಮ್ಮು ಹತ್ತೋದು’. ದಮ್ಮು ಉಬ್ಬಸದ ಕಾಯಿಲೆಯ ಹೆಸರೂ ಹೌದು. ‘ದಮ್ಮು ಹತ್ತುವಂಥ ಕೆಲಸ ಮಾಡ್ತೀರೇನು’ ಎಂದರೆ ಗಟ್ಟಿಮುಟ್ಟಾದವನು ‘ನನಗ್ಯಾಕ ದಮ್ಮು, ಆರಾಮ ಇದ್ದೀನಿ’ ಎಂದಾನು. ಏದುಸಿರು ಗ್ರಂಥಸ್ಥವಾಯಿತು, ತೇಕು ಎಲ್ಲ ಕಡೆ ನಡೆಯುವುದಿಲ್ಲ. ಇಂಥಲ್ಲಿ ನಿಘಂಟಿಗಿಂತ ಹೊಲದ ಬದುವಿನ ಮೇಲಿನ ಮಾತು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಕನ್ನಡ, ತೆಲುಗು, ಉರ್ದು ಮೂರನ್ನೂ ಒಂದೇ ಉಸಿರಿನಲ್ಲಿ ಆಡುವ ಗಡಿಯ ಊರಿನಲ್ಲಿ ಪ್ರಶ್ನೆ ಕೇಳುವವರಿಗೆ ಈ ಎಚ್ಚರ ಇನ್ನಷ್ಟು ಬೇಕು.

ಹಾಗಾದರೆ ದುಡಿಯುವವರನ್ನೆಲ್ಲ ವ್ಯಾಯಾಮ ಮಾಡಿದವರ ಪಟ್ಟಿಗೆ ಸೇರಿಸಿಬಿಟ್ಟರೆ ಲೆಕ್ಕ ಸರಿಹೋಗುತ್ತದೆಯೇ? ಹಿಂದೆ ಬಿಟ್ಟುಬಂದ ಕಲ್ಯಾಣದ ಪ್ರಶ್ನೆ ಇಲ್ಲಿ ಎದುರಾಗುತ್ತದೆ. ಡೆನ್ಮಾರ್ಕಿನ ಆಂಡ್ರಿಯಾಸ್ ಹೋಲ್ಟರ್‌ಮನ್ ಮತ್ತು ಸಂಗಡಿಗರು ಕೋಪನ್‌ಹೇಗನ್ನಿನ 1,04,046 ವಯಸ್ಕರನ್ನು ಅನುಸರಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಡುವಿನ ವೇಳೆಯ ಚಟುವಟಿಕೆ ಹೆಚ್ಚಿದಷ್ಟೂ ಸಾವಿನ ಅಪಾಯ ಕಡಿಮೆಯಾಗಿತ್ತು. ಕೆಲಸದ ಶ್ರಮ ಹೆಚ್ಚಿದಷ್ಟೂ ಅಪಾಯ ಹೆಚ್ಚಾಗಿತ್ತು. ಒಂದೇ ಮೆಟ್, ಎರಡು ಫಲ. ಅವರು ಕೊಡುವ ಕಾರಣಗಳು ಸರಳವಾಗಿವೆ. ಬಿಡುವಿನ ವ್ಯಾಯಾಮ ಸ್ವಲ್ಪ ಹೊತ್ತಿನದು, ತೀವ್ರವಾದುದು, ನಡುವೆ ವಿಶ್ರಾಂತಿಯುಳ್ಳದ್ದು, ಬೇಡವೆಂದಾಗ ನಿಲ್ಲಿಸಬಹುದಾದುದು. ಕೆಲಸದ ಶ್ರಮ ಗಂಟೆಗಟ್ಟಲೆಯದು. ಬಗ್ಗಿ, ಹೊತ್ತು, ಒಂದೇ ಭಂಗಿಯಲ್ಲಿ ನಡೆಯುವುದು. ಎದೆಬಡಿತವನ್ನೂ ರಕ್ತದೊತ್ತಡವನ್ನೂ ದಿನವಿಡೀ ಏರಿಸಿಟ್ಟು ಚೇತರಿಕೆಗೆ ಹೊತ್ತು ಕೊಡದೆ ಇರುವುದು. ಭಾರಿ ಕೆಲಸ ಮಾಡುವವರು ಬಡವರೂ ಆಗಿರುವುದರಿಂದ ಇದು ಬಡತನದ ಫಲವೇ ಹೊರತು ಶ್ರಮದ್ದಲ್ಲ ಎಂದು ವಾದಿಸುವವರೂ ಇದ್ದಾರೆ, ಚರ್ಚೆ ಮುಗಿದಿಲ್ಲ. ಲಂಡನ್ನಿನ ಸಮವಸ್ತ್ರದ ಪುಸ್ತಕ ಇಲ್ಲಿಯೂ ತೆರೆದೇ ಇದೆ ಎನ್ನಬೇಕು.

ನಮ್ಮ ವೈದ್ಯಗ್ರಂಥಗಳಲ್ಲಿ ‘ಅಷ್ಟಾಂಗಹೃದಯ’ ವ್ಯಾಯಾಮವನ್ನು ಅರ್ಧಶಕ್ತಿಗೆ ನಿಲ್ಲಿಸಬೇಕೆಂದು ವಿಧಿಸುತ್ತದೆ, ಅದೂ ಬಲವಂತರಿಗೆ, ಸ್ನಿಗ್ಧವಾದ ಆಹಾರ ಉಣ್ಣುವವರಿಗೆ. ತಾಂಡೂರಿನ ಕಲ್ಲುಗಣಿಯಲ್ಲಿ ಹಾಸುಗಲ್ಲು ಎಬ್ಬಿಸಿ ಹೊರುವವನಿಗೆ ಅರ್ಧಶಕ್ತಿಯಲ್ಲಿ ನಿಲ್ಲಿಸುವ ಅಧಿಕಾರವಿಲ್ಲ, ಧೂಳು ಬೇರೆ. ಅವನ ಲೆಕ್ಕ ಪ್ರಶ್ನಾವಳಿಯಲ್ಲಿ ಎಂಟು ಮೆಟ್ಟಿನದಾಗಿ, ಅತ್ಯಂತ ಸಕ್ರಿಯನೆಂದು ದಾಖಲಾಗುತ್ತದೆ. ಅವನ ಮನೆಯಾಕೆಯ ಲೆಕ್ಕ ಇನ್ನೂ ತೊಡಕಿನದು. ಹಿಂದಿನ ಪಟ್ಟಿಯ ಆದರ್ಶ ಸ್ತ್ರೀ ಎಂಟು ಗಂಟೆ ಮನೆಗೆಲಸವನ್ನೋ ಹೊರಗಿನ ಲಘು ಕೆಲಸವನ್ನೋ ಮಾಡುವವಳು. ಆ ‘ಅಥವಾ’ ಯಾಲಾಲಿನ ಹೊಲಗಳಲ್ಲಿ ‘ಮತ್ತು’ ಆಗುತ್ತದೆ.

ಕ್ಷೇತ್ರಕಾರ್ಯಕ್ಕೆ ಹೋಗುವವರಿಗೆ ಇನ್ನೊಂದು ವಿಷಯ. ಪ್ರಶ್ನಾವಳಿ ಕೇಳುವ ‘ರೂಢಿಯ ವಾರ’ ಎಂಬುದು ಕಚೇರಿಯ ಪಂಚಾಂಗದ ಮಾತು. ನಮ್ಮಲ್ಲಿ ತೊಗರಿ ಮುಂಗಾರಿನಲ್ಲಿ ಬಿತ್ತಿ ಪುಷ್ಯದ ಹೊತ್ತಿಗೆ ಕೊಯ್ಯುವ ಬೆಳೆ. ಆಗ ಕೇಳಿದರೆ ಸಿಗುವ ವಾರ ಒಂದು. ಯುಗಾದಿಯ ಮೇಲೆ, ಹೊಲ ಬರಿದಾಗಿ ಜನ ಹೈದರಾಬಾದಿನ ಕಟ್ಟಡದ ಕೆಲಸಕ್ಕೆ ಹೋದಾಗ ಕೇಳಿದರೆ ಸಿಗುವ ವಾರ ಇನ್ನೊಂದು, ಅದೂ ಮನೆಯಲ್ಲಿ ಉಳಿದ ಮುದುಕರ ವಾರ. ಉತ್ತರದ ಪಕ್ಕದಲ್ಲಿ ಕೇಳಿದ ದಿನಾಂಕವನ್ನೂ ಆಗ ಹೊಲದಲ್ಲಿದ್ದ ಬೆಳೆಯನ್ನೂ ಬರೆದುಕೊಳ್ಳಿ. ಉತ್ತರಿಸಿದವರು ತಮ್ಮ ದಣಿವಿಗೆ ಬಳಸಿದ ಪದವನ್ನು ಅವರು ಆಡಿದಂತೆಯೇ, ತಿದ್ದದೆ, ಬರೆದುಕೊಳ್ಳಿ.